ಬಿಸಿಲು ಕಾಣದ ತೊಟ್ಟಿ

ಕಣಕಟ್ಟೆ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟೇ ಸಿಕ್ಕಿದ್ದು ರಾಮಾನುಜನಿಗೆ ಯಾಕೋ ಸರಿಯೆನಿಸಲಿಲ್ಲ. ಇವತ್ತು ನಿಂತುಕೊಂಡು ಹೋಗಬೇಕಾಗಿತ್ತು. ಯಾರಾದರೂ ಕಾಲು ತುಳಿಯಬೇಕಾಗಿತ್ತು, ಕಂಡಕ್ಟರು ಒಳಗೆ ನಡೀರಿ ಎಂದು ಗದರಬೇಕಾಗಿತ್ತು. ಹಾಗೇನೂ ಆಗದೆ, ಯಾವುದೋ ಮಾಮೂಲಿ ದಿನದಂತೆ, ಅರಸೀಕೆರೆ ಬಸ್‌ಸ್ಟ್ಯಾಂಡಿನ ಬೆಳಗಿನ ಬಿಸಿಲು ಅವನ ತೊಡೆಯ ಮೇಲೆ ಬಂದು ಕೂತಿತು. ತೊಡೆಯ ಮೇಲಿದ್ದ ಚೀಲದಲ್ಲಿ ಖಾಲಿ ಕಂದು ಬಾಟಲಿಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಹುಟ್ಟೂರು ಕೊಪ್ಪಲಿಗೆ ಹೋಗಿ ನೀರಿನ ಮಾದರಿ ತರಬೇಕು ಎಂದು ಹೆಂಡತಿ ಕನಕಲಕ್ಷ್ಮಿಗೆ ಹೇಳಿ ಹೊರಟಿದ್ದ. ಅದು ಸುಳ್ಳಲ್ಲ. ಆದರೆ ಬಾಟಲಿ ತುಂಬಿಸಿಕೊಳ್ಳುವುದಕ್ಕಿಂತ ಮೊದಲು ಅಲ್ಲಿ ಒಂದು ಮಾತು ಹೇಳಬೇಕಾಗಿತ್ತು. ತೊಟ್ಟಿಯ ನೀರು ಕುಡಿಯಬೇಡಿ. ಅಷ್ಟೇ. ಬಸ್ಸು ಹೊರಡುವ ಮೊದಲೇ ಅವನು ಆ ಮಾತನ್ನು ಮನಸ್ಸಿನಲ್ಲಿ ಹಲವು ಥರ ಹೇಳಿ ನೋಡಿದ. ಒಂದು ಸಲ ಅದು ಆಫೀಸಿನ ನೋಟೀಸಿನಂತೆ ಕೇಳಿಸಿತು, ಇನ್ನೊಂದು ಸಲ ಬೇಡುವವನ ಮಾತಿನಂತೆ. ಯಾವ ಥರದಲ್ಲಿ ಹೇಳಿದರೂ ಅದರ ಹಿಂದೆಯೇ ಮುದ್ದಮ್ಮನ ಮುಖ ಬರುತ್ತಿತ್ತು, ಅವಳ ಚಾಚಿದ ಅಂಗೈ ಬರುತ್ತಿತ್ತು, ಆಮೇಲೆ ಅವಳ ಬಸುರಿ ಸೊಸೆ ಹೇಮಾಶ್ರೀಯ ಹೊಟ್ಟೆ.

ನಿನ್ನೆ ಮಧ್ಯಾಹ್ನ ಕಾಲೇಜಿನ ಲ್ಯಾಬಿನಲ್ಲಿ ವಿಭಾ ಮೇಡಂ ಅವನನ್ನು ಕಂಪ್ಯೂಟರಿನ ಪರದೆಯ ಮುಂದೆ ಕರೆದು ಕೂರಿಸಿದ್ದರು. ಕೂರಿಸಿದ್ದೇ ಅವನಿಗೆ ಗಾಬರಿ ತಂದಿತ್ತು. ಲ್ಯಾಬ್ ಅಸಿಸ್ಟೆಂಟಾಗಿ ಸೇರಿದ ಮೇಲೆ ಯಾವ ಪ್ರೊಫೆಸರರ ಮುಂದೆಯೂ ಕುರ್ಚಿಯಲ್ಲಿ ಕೂತ ನೆನಪು ಅವನಿಗಿರಲಿಲ್ಲ. ಪರದೆಯ ಮೇಲೆ ಕೊಪ್ಪಲಿನ ನೀರಿನ ಪರೀಕ್ಷೆಯ ಉದ್ದನೆಯ ಗೆರೆಯೊಂದು ನಡುನಡುವೆ ಮೇಲೆದ್ದು ಇಳಿದಿತ್ತು. ಟೊಮೆಟೊ ಹೊಲಕ್ಕೆ ಹೊಡೆಯುವ ಕೀಟನಾಶಕ ಕ್ಲೋರ್‌ಪೈರಿಫಾಸ್ ಎಲ್ಲಿ ಏಳುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಆ ಜಾಗದಲ್ಲಿ ಗೆರೆ ಎದ್ದಿತ್ತು, ಆದರೆ ಬಾವಿಯ ನೀರಿನಲ್ಲಿ ಎದ್ದಷ್ಟಲ್ಲ. ಅವನಿಗೆ ಸಮಾಧಾನವಾಗುವಷ್ಟರಲ್ಲಿ ಮೇಡಂ ಪೆನ್ನಿನ ತುದಿಯಿಂದ ಅದರ ಪಕ್ಕದ ಜಾಗವನ್ನು ಮುಟ್ಟಿದರು. ಅಲ್ಲಿ ಹಿಂದೆ ಏನೂ ಇರಲಿಲ್ಲ. ಈಗ ಅಲ್ಲೊಂದು ಚೂಪಾದ ಗೋಪುರ ನಿಂತಿತ್ತು.

"ಇದು ಅರ್ಧ ಒಡೆದು ನಿಂತದ್ದು, ರಾಮಾನುಜ ಅವರೇ. ಪೂರ್ತಿ ಒಡೆದಿದ್ರೆ ಇದೂ ಇರ್ತಿರಲಿಲ್ಲ. ಮೂಲ ಔಷಧಿಗಿಂತ ಇದು ಕೆಟ್ಟದ್ದು. ನರಗಳಿಗೆ ನೇರವಾಗಿ ಹೋಗತ್ತೆ." ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ತೊಟ್ಟಿ ಬಿಸಿಲಿಗೆ ತೆರೆದೇ ಇದೆ ತಾನೆ?"

"ತೆರೆದೇ ಇದೆ ಮೇಡಂ."

"ಯಾರೂ ಕುಡೀತಿಲ್ಲ ಅಲ್ವಾ? ದನಕ್ಕೂ ಬೇಡ ಸದ್ಯಕ್ಕೆ."

"ಇಲ್ಲ ಮೇಡಂ."

ಎಷ್ಟು ಸಲೀಸಾಗಿ ಬಂದಿತ್ತು ಆ ಮಾತು. ಮಾತು ಮುಗಿದ ಮೇಲೂ ಅವನು ಎದ್ದು ಹೋಗದೆ, ಯಾರೋ ಬಂದು ತನ್ನನ್ನು ಸುಳ್ಳುಗಾರ ಎನ್ನಲಿ ಎಂದು ಕಾಯುವವನಂತೆ ಕೂತಿದ್ದ. ಮೇಡಂ ಮಾತ್ರ ನಕ್ಕು, "ಹೆದರಬೇಡಿ, ಮೋಡ ಇತ್ತೇನೋ, ನಾಳೆ ಹೋಗಿ ಇನ್ನೊಂದು ಮಾದರಿ ತನ್ನಿ" ಎಂದಿದ್ದರು. ಅವರು ಅವನನ್ನು ನಂಬುತ್ತಾರೆ. ಹಾಸನದ ಸಂಜೆ ಕಾಲೇಜಿನಲ್ಲಿ ಬಿ.ಎಸ್ಸಿ. ಮಾಡಿದವನು ಎಂದು ಬೇರೆಯವರು ತುಟಿ ಸೊಟ್ಟ ಮಾಡಿದಾಗಲೂ, ಕೈ ಶುದ್ಧವಾಗಿರುವ ಮನುಷ್ಯ ಅಂದರೆ ಇವರೊಬ್ಬರೇ ಎಂದು ಹೇಳಿ ಅವನನ್ನು ಈ ಕೆಲಸಕ್ಕೆ ಹಾಕಿಕೊಂಡಿದ್ದರು. ಬೆಳಕಿನ ಬಗ್ಗೆ ತಾನು ಓದಿದ್ದೆಲ್ಲ ಟ್ಯೂಬ್‌ಲೈಟಿನ ಕೆಳಗೆ, ನಿದ್ದೆಗಣ್ಣಿನಲ್ಲಿ, ಕೊನೆಯ ರೈಲು ತಪ್ಪಿಹೋದೀತು ಎಂದು ಗಡಿಯಾರ ನೋಡುತ್ತ. ಹಾಗೆ ಓದಿದ್ದು ಅರ್ಧ ಮಾತ್ರ ಒಳಗೆ ಹೋಗಿ ಉಳಿದರ್ಧ ಹೊರಗೇ ನಿಂತಿತೇನೋ ಎಂದು ಅವನಿಗೆ ಯಾವಾಗಲೂ ಅನುಮಾನ. ಆದರೆ ತೊಟ್ಟಿ ಮುಚ್ಚಿದರೆ ಏನಾಗುತ್ತದೆ ಎಂಬುದು ಅವನಿಗೆ ಗೊತ್ತಿಲ್ಲದ ವಿಷಯವಾಗಿರಲಿಲ್ಲ. ಅದಕ್ಕೆ ಸಂಜೆ ಕಾಲೇಜನ್ನು ನೆಪ ಮಾಡಿಕೊಳ್ಳುವಂತಿರಲಿಲ್ಲ.

ಊರು ದಾಟಿ ಮಾಲೇಕಲ್ಲು ಬೆಟ್ಟ ಕಂಡಾಗ ಮುಂದಿನ ಸೀಟಿನ ಹೆಂಗಸು ಕೂತಲ್ಲೇ ಕೈಮುಗಿದಳು. ರಾಮಾನುಜನ ಕೈಯೂ ತಾನಾಗಿ ಮೇಲೆದ್ದಿತು, ಎಡಗೈ ಮೊದಲು. ಅವನು ಅದನ್ನು ಇಳಿಸಿಬಿಟ್ಟ. ಮೊದಲು ಏಳುವುದು ಅದೇ. ಅಪ್ಪ ಅದಕ್ಕೆ ಬಟ್ಟೆ ಕಟ್ಟಿ ನೋಡಿದ್ದರು, ಬಳಪ ಕಿತ್ತುಕೊಂಡು ನೋಡಿದ್ದರು, ಊಟದೆಲೆಯ ಮುಂದೆ ಅದರ ಮೇಲೆ ಕೂರಲು ಹೇಳಿದ್ದರು. ಕೊಪ್ಪಲಿನ ಚೆನ್ನಿಗರಾಯನ ಗುಡಿಯಲ್ಲಿ ಅಪ್ಪ ಪೂಜೆ ಮಾಡುತ್ತಿದ್ದ ಕಾಲದಲ್ಲಿ ಒಂದು ಶನಿವಾರ, ಅಣ್ಣ ಲಕ್ಷ್ಮೀಶನಿಗೆ ಜ್ವರ ಬಂದು, ತೀರ್ಥ ಕೊಡುವ ಕೆಲಸ ರಾಮಾನುಜನ ಪಾಲಿಗೆ ಬಂದಿತ್ತು. ಒದ್ದೆ ಪಂಚೆ ಉಟ್ಟು, ಬೆಳ್ಳಿಯ ಬಟ್ಟಲು ಹಿಡಿದು ಸಾಲಿನ ಮುಂದೆ ನಿಂತಾಗ ಎಷ್ಟೊಂದು ಅಂಗೈಗಳು ಅವನ ಕಡೆಗೆ ಬಂದಿದ್ದವು: ಸೀಳಿದ ಅಂಗೈ, ಅರಿಶಿನ ಹತ್ತಿದ ಅಂಗೈ, ಬೀಡಿಯ ವಾಸನೆಯ ಅಂಗೈ. ಮೊದಲ ಇಬ್ಬರಿಗೆ ಬಲಗೈಯಲ್ಲೇ ಹಾಕಿದ್ದ. ಮೂರನೆಯವರಿಗೆ ಹಾಕುವಾಗ ಉದ್ಧರಣೆಯ ಚಮಚ ಯಾವಾಗ ಎಡಗೈಗೆ ಹೋಯಿತೋ ಗೊತ್ತಾಗಲಿಲ್ಲ. ಚಾಚಿದ್ದ ಕೈ ಹಿಂದಕ್ಕೆ ಸರಿಯಿತು. ಯಾರೋ ಕಿಸಕ್ಕೆಂದರು. ಅಪ್ಪ ಒಳಗಿಂದ ಬಂದು, ಅವನ ಕೈಯಿಂದ ಚಮಚವನ್ನು ತೆಗೆದುಕೊಂಡು, ಅದನ್ನು ತೊಳೆದು, ಸಾಲನ್ನು ಮುಂದುವರಿಸಿದರು. ತೊಳೆದದ್ದು. ಬೈದಿದ್ದರೆ ಮರೆತುಹೋಗುತ್ತಿತ್ತು.

ಅದಾದ ಮೇಲೆ ಶಾಲೆಯಿಂದ ಬೇಲೂರು ಹಳೇಬೀಡಿಗೆ ಕರೆದುಕೊಂಡು ಹೋಗಿದ್ದಾಗ, ಉಳಿದ ಹುಡುಗರು ಆನೆಗಳನ್ನು ಎಣಿಸುತ್ತಿದ್ದರೆ, ಅವನು ಹಳೇಬೀಡಿನ ಗೋಡೆಯುದ್ದಕ್ಕೂ ಎಡಗೈಯಿಂದ ಬಾಣ ಬಿಡುವ ಒಬ್ಬನನ್ನು ಹುಡುಕಿಕೊಂಡು ನಡೆದಿದ್ದ. ಅಷ್ಟು ಸಾವಿರ ಕಲ್ಲಿನ ಜನದಲ್ಲಿ ತನ್ನಂಥವನು ಒಬ್ಬನಾದರೂ ಇರಲೇಬೇಕಲ್ಲ. ಕೊನೆಗೆ ಮೂಲೆಯೊಂದರಲ್ಲಿ ಸಿಕ್ಕಿದ. ಮನೆಗೆ ಬಂದು ಅಪ್ಪನಿಗೆ ಹೇಳಿದರೆ, ಅವರು ಪಂಚಾಂಗದಿಂದ ತಲೆಯೆತ್ತದೆ, "ಅವನು ರಾಕ್ಷಸ ಇರಬೇಕು ಕಣೋ, ಸರಿಯಾಗಿ ನೋಡು" ಎಂದಿದ್ದರು. ಮದುವೆಯಾದ ಹೊಸತರಲ್ಲಿ ಕನಕಲಕ್ಷ್ಮಿಗೆ ಇದನ್ನು ಹೇಳಿದಾಗ ಅವಳು ಬಹಳ ನಕ್ಕಿದ್ದಳು. ಅರ್ಜುನನಿಗೆ ಎರಡು ಕೈಯೂ ಬರ್ತಿತ್ತಲ್ಲ ಎಂದು ನೀವು ಕೇಳಬೇಕಿತ್ತು ಎಂದಿದ್ದಳು. ಅಷ್ಟು ಸುಲಭದ ಉತ್ತರ ತನಗೆ ಹೊಳೆದೇ ಇರಲಿಲ್ಲವಲ್ಲ ಎಂದು ಅವನಿಗೆ ಆ ರಾತ್ರಿಯೆಲ್ಲ ಸಂಕಟವಾಗಿತ್ತು. ಉತ್ತರಗಳು ಅವನಿಗೆ ಯಾವಾಗಲೂ ತಡವಾಗಿಯೇ ಬರುತ್ತವೆ.

ಬಸ್ಸು ಯಾವುದೋ ಗೇಟಿನಲ್ಲಿ ನಿಂತು ಕಾಯಿಯ ಚೀಲಗಳನ್ನು ಇಳಿಸಿತು. ತೆಂಗಿನ ತೋಟದ ಸಂದಿಯಲ್ಲಿ ಕಡ್ಡಿ ನೆಟ್ಟ ಟೊಮೆಟೊ ಸಾಲುಗಳು ಕಾಣುತ್ತಿದ್ದವು, ಅವುಗಳ ನಡುವೆ ಬೆನ್ನಿಗೆ ಡಬ್ಬ ಕಟ್ಟಿಕೊಂಡ ಒಬ್ಬ ಮನುಷ್ಯ ಮಂಜಿನೊಳಗೆ ನಡೆಯುವವನಂತೆ ನಡೆಯುತ್ತಿದ್ದ. ಕೊಪ್ಪಲಿನ ಸುತ್ತಲೂ ಹೀಗೆಯೇ. ಹೊಡೆದ ಔಷಧಿ ಮಣ್ಣಿಗಿಳಿದು ಗುಡಿಯ ಪಕ್ಕದ ಬಾವಿಗೆ ಬಂದಿತ್ತು. ನೀರಿಗೆ ವಾಸನೆ ಬಂದ ಮೇಲೆ ಊರಿನವರು ಅದನ್ನು ಕುಡಿಯುವುದು ಬಿಟ್ಟು, ಕ್ಯಾನುಗಳನ್ನು ಬೈಕಿಗೆ ಕಟ್ಟಿಕೊಂಡು ಪಕ್ಕದೂರಿನ ಶುದ್ಧ ನೀರಿನ ಘಟಕಕ್ಕೆ ಹೋಗುತ್ತಿದ್ದರು. ಅಂದರೆ ಅವರು ಬುದ್ಧಿವಂತರೇ ಆಗಿದ್ದರು. ತಾನು ಹೋಗುವವರೆಗೆ.

ಪ್ರಯೋಗಕ್ಕೊಂದು ಜಾಗ ಬೇಕು ಎಂದು ಮೇಡಂ ಹುಡುಕುತ್ತಿದ್ದಾಗ ತನ್ನ ಊರಿನ ಹೆಸರು ಹೇಳಿದವನು ಅವನೇ. ಬಾವಿಯ ಪಕ್ಕ, ಅದರ ನೀರನ್ನು ತುಂಬಿಸಲು, ಮೊಣಕಾಲೆತ್ತರದ ಅಗಲವಾದ ಸಿಮೆಂಟಿನ ತೊಟ್ಟಿ ಕಟ್ಟಿಸಿದರು. ಅದರ ತಳದಲ್ಲಿ ಬಿಳಿ ಲೇಪ ಕೊಟ್ಟ ಗಾಜಿನ ಹಲಗೆಗಳನ್ನು ಜೋಡಿಸಿದರು. ಕಣ್ಣಿಗೆ ಅದು ಸುಣ್ಣ ಬಳಿದಂತೆ ಕಾಣುತ್ತಿತ್ತು, ಆದರೆ ಅದರ ಒಂದೊಂದು ಕಣವೂ ಎಷ್ಟು ಸಣ್ಣದೆಂದರೆ, ಅದನ್ನು ಊರಿನವರಿಗೆ ಹೇಳುವುದಕ್ಕೆ ಹೋಗಿ ಮೇಡಂ ತಮ್ಮ ತಲೆಗೂದಲನ್ನೇ ಹಿಡಿದು ತೋರಿಸಿ, ಇದನ್ನು ಸಾವಿರಾರು ಪಾಲು ಸೀಳಿದರೆ ಎಷ್ಟೋ ಅಷ್ಟು ಎಂದಿದ್ದರು. ಬಿಸಿಲು ಬಿದ್ದಾಗ ಆ ನ್ಯಾನೋ ಕಣಗಳು ಎಚ್ಚರಗೊಂಡು ನೀರಿನಲ್ಲಿರುವ ಔಷಧಿಯನ್ನು ಒಡೆಯುತ್ತವೆ, ತಾವು ಮಾತ್ರ ಸವೆಯುವುದಿಲ್ಲ. ಬಿಸಿಲಿಲ್ಲದಿದ್ದರೆ ಇದು ಬರೀ ಸುಣ್ಣದ ಗೋಡೆ, ಎಂದಿದ್ದರು ಮೇಡಂ. ಈಗಲೇ ಯಾರೂ ಕುಡಿಯಬೇಡಿ, ಪರೀಕ್ಷೆ ನಡೆಯುತ್ತಿದೆ ಎಂದೂ ಹೇಳಿದ್ದರು. ಅವರ ಕನ್ನಡ ಪೇಟೆಯದು, ಜನ ತಲೆಯಾಡಿಸಿದರು. ಆಮೇಲೆ ಮೇಡಮ್ಮಿಗೆ ಫೋನು ಬಂದು ಅವರು ಕಾರಿನ ಕಡೆಗೆ ಹೋದರು. ಆಗ ಮುದ್ದಮ್ಮ ಮುಂದೆ ಬಂದಳು.

"ಆಯಮ್ಮ ಹೇಳಿದ್ದು ನಮ್ಗೆ ಒಂದೂ ತಿಳೀನಿಲ್ಲ. ನೀವೊಂದ್ ಮಾತು ಹೇಳಿ ಸ್ವಾಮಿ. ನೀರು ಚೆಂದಾಗೈತಾ?"

ಅವತ್ತಿನ ನೀರು ಚೆನ್ನಾಗಿತ್ತು. ಬೇಸಿಗೆಯ ಉರಿಬಿಸಿಲಿನಲ್ಲಿ ದಿನವೆಲ್ಲ ಕಾದ ನೀರು ಅದು, ಅದರ ಮಾದರಿಯನ್ನು ಹಿಂದಿನ ದಿನ ಲ್ಯಾಬಿನಲ್ಲಿ ಅವನೇ ಪರೀಕ್ಷೆ ಮಾಡಿದ್ದ, ಗೆರೆ ಎಲ್ಲೂ ಎದ್ದಿರಲಿಲ್ಲ. "ಚೆನ್ನಾಗಿದೆ" ಎಂದ. ಮುದ್ದಮ್ಮ ಅಂಗೈ ಚಾಚಿದಳು. ಹಾಗೆ ಚಾಚಬೇಕೆಂದು ಅವಳೇನೂ ಯೋಚಿಸಿರಲಿಕ್ಕಿಲ್ಲ. ಗುಡಿಯ ಮಗ್ಗುಲು, ಪೂಜೆಯವರ ಮಗ, ಅವನ ಕೈಯಲ್ಲಿ ಮಾದರಿ ತೆಗೆಯುವ ಸ್ಟೀಲಿನ ಚಮಚ. ಅವಳ ಹಿಂದೆ ಇನ್ನೊಂದು ಅಂಗೈ ಬಂತು, ಅದರ ಹಿಂದೆ ಇನ್ನೊಂದು. ರಾಮಾನುಜ ತೊಟ್ಟಿಯಿಂದ ನೀರು ತೆಗೆದು ಬಲಗೈಯಿಂದ, ಎಚ್ಚರದಿಂದ, ಒಂದು ಹನಿಯೂ ಆಚೆ ಬೀಳದಂತೆ ಅವಳ ಕೈಗೆ ಹಾಕಿದ. ಅವಳು ಕುಡಿದು, ಒದ್ದೆ ಕೈಯನ್ನು ಕಣ್ಣಿಗೊತ್ತಿಕೊಂಡು ತಲೆಗೆ ಸವರಿಕೊಂಡಳು. ಆ ಕ್ಷಣ ಅವನಿಗೆ ಏನಾಯಿತೆಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದಾನೆ. ಇದು ತೀರ್ಥವಲ್ಲ ಎನ್ನುವುದಕ್ಕೆ ಬಾಯಿ ತೆರೆದಿದ್ದೂ ನಿಜ. ಆದರೆ ಸಾಲು ನಿಂತಿತ್ತು. ಯಾರೂ ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ. ಕೊನೆಯ ಅಂಗೈಯವರೆಗೂ ಅವನು ಕೊಟ್ಟ. ಮೇಡಂ ಫೋನು ಮುಗಿಸಿ ಬರುವ ಹೊತ್ತಿಗೆ ಅವನು ಚಮಚವನ್ನು ಒರೆಸಿ ಚೀಲದಲ್ಲಿ ಇಟ್ಟಿದ್ದ.

ಅಣ್ಣ ಲಕ್ಷ್ಮೀಶ ಈಗ ಬೇಲೂರಿನ ಶಾಲೆಯೊಂದರಲ್ಲಿ ಸಂಸ್ಕೃತದ ಮೇಷ್ಟ್ರು. ಶನಿವಾರ ಮಾತ್ರ ಬಂದು ಗುಡಿಯ ಬಾಗಿಲು ತೆಗೆದು ದೀಪ ಹಚ್ಚಿ ಹೋಗುತ್ತಾನೆ. ಉಳಿದ ದಿನಗಳಲ್ಲಿ ಕೊಪ್ಪಲಿಗೆ ತೀರ್ಥವಿಲ್ಲ. ಹಾಗಾಗಿಯೋ ಏನೋ, ರಾಮಾನುಜ ಮುಂದಿನ ಸಲ ಹೋದಾಗ ತೊಟ್ಟಿಯ ಮೇಲೆ ಹಳದಿ ಪಂಚೆಯೊಂದನ್ನು ಬಿಗಿಯಾಗಿ ಕಟ್ಟಿದ್ದರು. ದೇವರ ನೀರನ್ನು ಬಯಲಿಗೆ ಬಿಡುವುದು ಹೇಗೆ, ಕಾಗೆ ಕುಕ್ಕಿದರೆ, ಕಂಡವರ ಕಣ್ಣು ಬಿದ್ದರೆ? ಪಂಚೆಯ ಮೇಲೆ ಕಣಗಿಲೆ ಹೂವುಗಳಿದ್ದವು. ತೊಟ್ಟಿಯ ಸುತ್ತ ಸಾರಿಸಿ ರಂಗೋಲಿ ಬಿಟ್ಟಿದ್ದರು. ಪಂಚೆ ತೆಳುವಾಗಿತ್ತು, ಬಿಸಿಲು ಒಂದಷ್ಟು ಸೋಸಿ ಒಳಗೆ ಹೋಗುತ್ತಿತ್ತು, ಬೇಕಾದಷ್ಟಲ್ಲ. ಬಟ್ಟೆ ತೆಗೆಯಿರಿ ಎನ್ನುವುದು ಒಂದೇ ಮಾತು. ಅವನು ಮಾತಾಡದೆ ನಿಂತು ಹೂವುಗಳನ್ನು ನೋಡಿದ. ಅಪ್ಪ ಇದ್ದು ಇದನ್ನು ನೋಡಿದ್ದರೆ, ಎಂದುಕೊಂಡ. ಆಮೇಲೆ, ಮುಂದಿನ ಸಲ ಹೇಳಿದರಾಯಿತು ಎಂದುಕೊಂಡ. ಮುಂದಿನ ಸಲವೂ ಹೂವು ಇತ್ತು.

ಕೈಮರದ ಹತ್ತಿರ ಬಸ್ಸಿಳಿದು ಕೊಪ್ಪಲಿನ ಕಡೆಗೆ ನಡೆಯುವಾಗ ಹೊತ್ತು ಏರಿತ್ತು. ಒಳ್ಳೆಯ ಬಿಸಿಲು. ಇಂಥ ಬಿಸಿಲಿನಲ್ಲಿ ಔಷಧಿ ಪೂರ್ತಿ ಒಡೆದುಹೋಗುತ್ತದೆ ಎಂದು ಅವನ ಮನಸ್ಸು ತನ್ನಷ್ಟಕ್ಕೆ ಲೆಕ್ಕ ಹಾಕಿತು, ಆಮೇಲೆ ನಾಚಿಕೊಂಡಿತು. ಗುಡಿಯ ಕಟ್ಟೆಯ ಮೇಲೆ ಮುದ್ದಮ್ಮನ ಗಂಡ ಚನ್ನಪ್ಪ ತೆಂಗಿನ ನಾರಿನ ಹಗ್ಗ ಹೊಸೆಯುತ್ತ ಕೂತಿದ್ದ.

"ಬನ್ನಿ ಸ್ವಾಮಿ, ಬನ್ನಿ. ಶೀಸೆ ತಂದ್ರಾ? ನಮ್ಮ ನೀರನ್ನ ಅರಸೀಕೆರೆಗೆ ಹೊತ್ಕೊಂಡು ಹೋಗೋದೇ ಆಯ್ತು ನಿಮ್ದು. ಅಲ್ಲೇನು ಕೆರೆ ಕಟ್ಟುಸ್ತಾವ್ರಾ?"

ರಾಮಾನುಜ ನಗಲು ಪ್ರಯತ್ನಿಸಿದ. ತೊಟ್ಟಿಯ ಮೇಲೆ ಇವತ್ತು ದಾಸವಾಳ. ಬದಿಯ ನಲ್ಲಿಗೆ ಕುಂಕುಮ ಇಟ್ಟಿದ್ದರು. "ಮುದ್ದಮ್ಮ ಇಲ್ವಾ?" ಎಂದ.

"ಅವ್ಳಿಗೆ ನೀವು ಬಂದಿದ್ದು ಆಗ್ಲೇ ತಿಳೀತು, ನೋಡಿ ಬತ್ತಾವ್ಳೆ. ನಾನು ಕೂಗುದ್ರೆ ಮಾತ್ರ ಕಿವಿ ಕೇಳಾಕಿಲ್ಲ."

ಮುದ್ದಮ್ಮ ಸೆರಗಿನಲ್ಲಿ ಕೈಯೊರೆಸಿಕೊಳ್ಳುತ್ತ ಬಂದಳು. ಅವಳ ಹಿಂದೆ ಹೇಮಾಶ್ರೀ, ಸೊಂಟಕ್ಕೆ ಒಂದು ಕೈ ಕೊಟ್ಟುಕೊಂಡು, ತುಂಬಿದ ಬಸುರಿಯ ನಿಧಾನದ ನಡಿಗೆಯಲ್ಲಿ. ಅವಳ ಇನ್ನೊಂದು ಕೈಯಲ್ಲಿ, ಬೆಳಿಗ್ಗೆ ಕುಡಿದು ಉಳಿದ ನೀರಿದ್ದ ತಾಮ್ರದ ಚೊಂಬು ಇತ್ತು. ತೊಟ್ಟಿಯ ನೀರನ್ನು ಅದರಲ್ಲಿ ತುಂಬಿಸಿ ದೇವರ ಮುಂದಿಟ್ಟು, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಕುಡಿಯಬೇಕು ಎಂಬುದು ಅತ್ತೆಯ ನೇಮ ಎಂದು ಹಿಂದೊಮ್ಮೆ ಅವಳೇ ನಗುತ್ತ ಹೇಳಿದ್ದಳು. ಅವತ್ತೂ ರಾಮಾನುಜ ನಕ್ಕಿದ್ದ.

"ಬಿಸ್ಲಲ್ಲಿ ಬಂದ್ರಲ್ಲ ಸ್ವಾಮಿ. ಮಜ್ಜಿಗೆ ತರ್ಲಾ?"

"ಬೇಡ ಮುದ್ದಮ್ಮ. ಒಂದು ವಿಷಯ ಹೇಳಬೇಕಾಗಿತ್ತು."

ಅಭ್ಯಾಸ ಮಾಡಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಚನ್ನಪ್ಪನ ಕೈಯಲ್ಲಿ ಹಗ್ಗ ನಿಂತಿತು. ರಾಮಾನುಜ ತೊಟ್ಟಿಯ ಕಡೆ ನೋಡುತ್ತ, ಅವರ ಮುಖ ನೋಡದೆ, "ಈ ನೀರು ಕುಡೀಬೇಡಿ" ಎಂದ. "ಇವತ್ತಿಂದ ಯಾರೂ ಕುಡೀಬೇಡಿ. ಔಷಧಿ ಪೂರ್ತಿ ಹೋಗಿಲ್ಲ. ಅರ್ಧ ಒಡೆದು, ಇನ್ನೂ ಕೆಟ್ಟದ್ದಾಗಿ ನಿಂತಿದೆ. ಮೇಲೆ ಬಟ್ಟೆ ಕಟ್ಟಿದ್ರಿಂದ. ಇದಕ್ಕೆ ಬಿಸಿಲು ಬೀಳಬೇಕಾಗಿತ್ತು."

ಮೂವರ ಕಣ್ಣೂ ಪಂಚೆಯ ಮೇಲೆ ಹೋದವು. ಆಮೇಲೆ ಮುದ್ದಮ್ಮ ಮೆಲ್ಲಗೆ, ತಪ್ಪು ತನ್ನದೇ ಎಂಬಂತೆ, "ಬಟ್ಟೆ ಕಟ್ಟಿದ್ದು ನಾನು" ಎಂದಳು. "ಮಡಿ ಪಂಚೆ ಸ್ವಾಮಿ. ಒಗ್ದು ಒಣಗ್ಸಿ ಕಟ್ಟಿದ್ದೆ. ಕೊಳೆ ಇರ್ನಿಲ್ಲ."

ಇದನ್ನು ಅವನು ನಿರೀಕ್ಷಿಸಿರಲಿಲ್ಲ. ಅವಳು ಬೈಯುತ್ತಾಳೆ ಎಂದುಕೊಂಡಿದ್ದ, ಬೈದರೆ ಹೇಗೆ ತಲೆ ತಗ್ಗಿಸಿ ನಿಲ್ಲಬೇಕು ಎಂಬುದನ್ನೂ ಬಸ್ಸಿನಲ್ಲಿ ಯೋಚಿಸಿದ್ದ. "ನಿಮ್ಮ ತಪ್ಪಲ್ಲ" ಎಂದ. "ನಾನು ನೋಡಿದ್ದೆ. ಕಟ್ಟಿದ್ದನ್ನ ಅವತ್ತೇ ನೋಡಿದ್ದೆ. ತೆಗೀರಿ ಅನ್ನಬೇಕಾಗಿತ್ತು. ಅನ್ನಲಿಲ್ಲ."

"ಯಾಕ್ ಅನ್ನಿಲ್ಲ?" ಎಂದು ಚನ್ನಪ್ಪ ಕೇಳಿದ. ಕೇಳಿದ್ದರಲ್ಲಿ ಸಿಟ್ಟಿರಲಿಲ್ಲ, ನಿಜವಾಗಿ ತಿಳಿಯಬೇಕೆಂದು ಕೇಳಿದಂತಿತ್ತು. ಅದಕ್ಕೆ ರಾಮಾನುಜನ ಹತ್ತಿರ ಇದ್ದ ಉತ್ತರವನ್ನು ಗುಡಿಯ ಮುಂದೆ, ಈ ಮೂವರ ಎದುರು ಹೇಳುವುದು ಸಾಧ್ಯವಿರಲಿಲ್ಲ. ಹೂವು ಚೆನ್ನಾಗಿತ್ತು ಎನ್ನಲೇ? ನಮ್ಮಪ್ಪ ಚಮಚ ತೊಳೆದಿದ್ದರು ಎನ್ನಲೇ? ಚನ್ನಪ್ಪ ಹಗ್ಗವನ್ನು ಪಕ್ಕಕ್ಕಿಟ್ಟು, "ಚೆನ್ನಾಗೈತೆ. ನಮ್ ಹೊಲಕ್ಕೆ ಹೊಡೆದ ಔಷಧೀನ ನಮ್ಗೇ ಪ್ರಸಾದ ಮಾಡಿ ಕೊಟ್ರಿ" ಎಂದ. ಹೇಳಿದ ಮೇಲೆ ತನ್ನ ಮಾತು ತನಗೇ ಹೆಚ್ಚಾಯಿತೆನಿಸಿತೋ ಏನೋ, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ.

ಹೇಮಾಶ್ರೀ ಚೊಂಬನ್ನು ಕಟ್ಟೆಯ ಮೇಲೆ ಇಟ್ಟಿದ್ದಳು. ಅವಳು ಬಾಣಾವರದ ಕಡೆಯ ಹುಡುಗಿ, ಕಾಲೇಜಿಗೆ ಹೋಗಿದ್ದವಳು. ಅವಳೊಬ್ಬಳೇ ಅವನನ್ನು ಸ್ವಾಮಿ ಎನ್ನುತ್ತಿರಲಿಲ್ಲ.

"ಸರ್, ಇಷ್ಟು ದಿನ ಕುಡಿದಿದ್ದು?"

"ಮೊದಮೊದಲು ಚೆನ್ನಾಗಿತ್ತಮ್ಮ. ಬಟ್ಟೆ ಕಟ್ಟಿದ ಮೇಲೆ..."

"ಅದೇ, ಕಟ್ಟಿದ ಮೇಲಿಂದ ಕುಡಿದಿದ್ದು. ಮಗುಗೆ ಏನಾಗತ್ತೆ?"

ಗೊತ್ತಿಲ್ಲ ಎಂಬ ಮಾತು ಅವನಿಗೆ ಹೊಸದಲ್ಲ. ಸಂಜೆ ಕಾಲೇಜಿನಲ್ಲಿ, ಲ್ಯಾಬಿನಲ್ಲಿ, ಗೊತ್ತಿರುವುದನ್ನೂ ಗೊತ್ತಿಲ್ಲ ಎಂದು ಹೇಳಿ ಎಷ್ಟೋ ಸಲ ಪಾರಾಗಿದ್ದ. ಇವತ್ತು ಆ ಮಾತು ಬಾಯಿಂದ ಹೊರಡಬೇಕಾದರೆ ಕಲ್ಲು ಎತ್ತಿದಷ್ಟು ಭಾರವಾಯಿತು. "ಗೊತ್ತಿಲ್ಲಮ್ಮ" ಎಂದ. "ಏನೂ ಆಗದೇ ಇರಬಹುದು. ಸ್ವಲ್ಪವೇ ಇತ್ತು. ಆದರೆ ನನಗೆ ಗೊತ್ತಿಲ್ಲ." ಹೇಮಾಶ್ರೀ ತಲೆಯಾಡಿಸಿದಳು. ಅವಳ ಕೈ ಸೊಂಟದಿಂದ ಹೊಟ್ಟೆಯ ಮೇಲೆ ಬಂದು ನಿಂತಿತ್ತು. ಅವಳು ಅಳಲಿಲ್ಲ. ಅತ್ತಿದ್ದರೆ ಅವನು ನೋಡದೆ ಮುಖ ತಿರುಗಿಸಬಹುದಾಗಿತ್ತು.

ಅವರ ಎದುರಿಗೇ ಅವನು ವಿಭಾ ಮೇಡಮ್ಮಿಗೆ ಫೋನು ಮಾಡಿದ. ನಿನ್ನೆ ಹೇಳಿದ್ದು ಸುಳ್ಳು ಎಂದ, ತೊಟ್ಟಿ ಮುಚ್ಚಿತ್ತು ಎಂದ, ಕುಡಿಯುತ್ತಿದ್ದರು ಎಂದ. ಬಸುರಿಯೊಬ್ಬಳು ಕುಡಿದಿದ್ದಾಳೆ ಎಂದ. ಮೇಡಂ, "ಮೊದಲು ಆ ಹುಡುಗಿಯನ್ನ ಡಾಕ್ಟರ ಹತ್ತಿರ ಕಳಿಸಿ. ಔಷಧಿಯ ಹೆಸರು ಚೀಟೀಲಿ ಬರೆದು ಕೊಡಿ. ರಕ್ತ ಪರೀಕ್ಷೆ ಮಾಡಬೇಕು. ನಾನು ಡಾಕ್ಟರ ಜೊತೆ ಮಾತಾಡ್ತೀನಿ" ಎಂದರು. ಆಮೇಲೆ ಬೇರೆ ದನಿಯಲ್ಲಿ, "ನಾನು ನಿಮ್ಮನ್ನ ಕೇಳಿದ್ದೆ, ರಾಮಾನುಜ ಅವರೇ" ಎಂದರು. ಅಷ್ಟೇ. ಹೌದು ಮೇಡಂ ಎನ್ನುವುದಕ್ಕೂ ಅವರು ಕಾಯಲಿಲ್ಲ.

ಚನ್ನಪ್ಪ ತನ್ನ ಮಗ, ಹೇಮಾಶ್ರೀಯ ಗಂಡ ಚೇತನ್‌ಕುಮಾರನನ್ನು ಹೊಲದಿಂದ ಕೂಗಿ ಕರೆಸಿದ. "ಕಾರು ತಗೊಳ್ಲಾ, ಅರಸೀಕೆರೆಗೆ ಹೋಗ್ಬೇಕು. ಯಾಕೆ ಏನು ಅಂತ ದಾರೀಲಿ ಅವ್ಳೇ ಹೇಳ್ತಾಳೆ" ಎಂದ. ಚೇತನ್‌ಕುಮಾರ್ ಕೈಮುಗಿಯಲು ಅಭ್ಯಾಸದಿಂದ ತೊಟ್ಟಿಯ ಕಡೆಗೆ ಹೋಗಿ, ಚಪ್ಪಲಿ ಬಿಟ್ಟಿಲ್ಲವೆಂದು ನೆನಪಾಗಿ ನಿಂತು, ಹಿಂದಕ್ಕೆ ಬಂದ. ರಾಮಾನುಜ ಚೀಟಿ ಬರೆದುಕೊಟ್ಟ. ಹೇಮಾಶ್ರೀ ಅದನ್ನು ಓದಿ ಮಡಚಿಕೊಂಡಳು. ಕಾರು ಹೋದ ಮೇಲೆ ಎದ್ದ ಧೂಳು ಇಳಿಯುವವರೆಗೂ ಮುದ್ದಮ್ಮ ಅದೇ ದಾರಿಯನ್ನು ನೋಡುತ್ತ ನಿಂತಿದ್ದಳು. ಆಮೇಲೆ ಬಂದು ತೊಟ್ಟಿಯ ಮೇಲಿನ ದಾಸವಾಳಗಳನ್ನು ಒಂದೊಂದಾಗಿ ಸೆರಗಿಗೆ ಹಾಕಿಕೊಂಡಳು, ಪಂಚೆಯ ಗಂಟು ಬಿಚ್ಚಿದಳು. ನೀರು ಕಂಡಿತು. ತಿಳಿಯಾಗಿತ್ತು. ತಳದ ಬಿಳಿ ಗಾಜಿನ ಮೇಲೆ ಬಿಸಿಲು ಬಿದ್ದು ನಡುಗಿತು.

"ಈ ಚೊಂಬಿಂದು?" ಎಂದಳು ಅವಳು, ಕಟ್ಟೆಯ ಮೇಲಿದ್ದ ತಾಮ್ರದ ಚೊಂಬನ್ನು ಎತ್ತಿಕೊಂಡು. "ಇದನ್ನ ಎಲ್ಲಿ ಚೆಲ್ಲನ? ತುಳಿಯೋ ಕಡೆ ಚೆಲ್ಲಂಗಿಲ್ಲ. ದೇವ್ರ ಮುಂದೆ ಇದ್ದುದ್ದು. ತುಳಸಿಗೆ ಹಾಕನ ಅಂದ್ರೆ ನೀವು ವಿಷ ಅಂತೀರ."

ರಾಮಾನುಜ ಚೊಂಬನ್ನು ಅವಳ ಕೈಯಿಂದ ತೆಗೆದುಕೊಂಡು, ಅದರ ನೀರನ್ನು ತೊಟ್ಟಿಗೇ ತಿರುಗಿ ಸುರಿದ. ಸುರಿದ ಮೇಲೆ ನೋಡಿಕೊಂಡರೆ ಚೊಂಬು ಎಡಗೈಯಲ್ಲಿತ್ತು. ಮುದ್ದಮ್ಮ ಅದನ್ನು ನೋಡಿದಳು. ಹಿಂದೆ ಒಂದು ಶನಿವಾರ ಸಾಲಿನಲ್ಲಿ ಇವಳೂ ಇದ್ದಳೇ, ಹಿಂದಕ್ಕೆ ಸರಿದ ಕೈ ಇವಳದ್ದೇ ಆಗಿತ್ತೇ ಎಂದು ಅವನಿಗೆ ಇದ್ದಕ್ಕಿದ್ದಂತೆ ಕೇಳಬೇಕೆನಿಸಿತು. ಕೇಳಲಿಲ್ಲ. ಅವಳು ಚೊಂಬನ್ನು ವಾಪಸು ಇಸಿದುಕೊಂಡು ಮನೆಯ ಕಡೆಗೆ ಹೋದಳು. ಚನ್ನಪ್ಪನೂ ಅವಳ ಹಿಂದೆ ಎದ್ದುಹೋದ.

ನಲ್ಲಿಯ ಹಿಡಿಯನ್ನು ತಂತಿಯಿಂದ ಬಿಗಿದು ಕಟ್ಟಿ ರಾಮಾನುಜ ತೊಟ್ಟಿಯ ಪಕ್ಕದಲ್ಲೇ ಕೂತ. ಬಾಟಲಿಗಳನ್ನು ತುಂಬಿಸಿಕೊಂಡು ಅರಸೀಕೆರೆಗೆ ಹೊರಡಬಹುದಾಗಿತ್ತು. ಆದರೆ ಯಾರಾದರೂ ಬಂದರೆ? ನೆತ್ತಿ ಸುಡುತ್ತಿತ್ತು. ನೀರಿನೊಳಗೆ ಏನೋ ಆಗುತ್ತಿರಬೇಕು, ಕಣ್ಣಿಗೆ ಕಾಣದಷ್ಟು ಸಣ್ಣದಾಗಿ, ಸದ್ದಿಲ್ಲದೆ. ತೊಟ್ಟಿಯೊಳಗಿನದಕ್ಕೆ ಬಿಸಿಲು ಸಾಕು. ಆದರೆ ಆಗಲೇ ಒಳಗೆ ಹೋದದ್ದಕ್ಕೆ, ಒಂದು ಮೈಯೊಳಗಿನ ಇನ್ನೊಂದು ಪುಟ್ಟ ಮೈಗೆ ಹೋದದ್ದಕ್ಕೆ ಯಾವ ಬಿಸಿಲು. ಅರಸೀಕೆರೆಯಿಂದ ಫೋನು ಬರುತ್ತದೆ ಎಂದು ಅದನ್ನು ಅಂಗೈಯಲ್ಲೇ ಹಿಡಿದುಕೊಂಡಿದ್ದ. ಬರಲಿಲ್ಲ. ಗುಡಿಯ ನೆರಳು ಮೆಲ್ಲಗೆ ತೊಟ್ಟಿಯ ಕಡೆಗೆ ಸರಿಯಿತು, ಅಂಚನ್ನು ಮುಟ್ಟಿತು. ಗುಡಿಯನ್ನು ಸರಿಸುವುದಕ್ಕಾಗುವುದಿಲ್ಲ, ತೊಟ್ಟಿಯನ್ನೂ.

ಹೊತ್ತು ಇಳಿಯುವಾಗ ದ್ಯಾವಮ್ಮ ಬಂದಳು. ಊರಿನ ಕೊನೆಯ ಮನೆಯ ಮುದುಕಿ, ದನ ಹೊಡೆದುಕೊಂಡು ಹಿಂತಿರುಗುವಾಗ ದಿನವೂ ಇಲ್ಲಿ ನಿಂತು ಹೋಗುವವಳು. ದೂರದಲ್ಲೇ ಚಪ್ಪಲಿ ಬಿಟ್ಟು, ಬಗ್ಗಿ, ಅವನನ್ನು ಗುರುತಿಸಿ, ಹಲ್ಲಿಲ್ಲದ ಬಾಯಿ ಅಗಲಿಸಿದಳು.

"ಓ, ಇವತ್ತು ನೀವೇ ಇದೀರ. ಒಳ್ಳೇದಾಯ್ತು. ಕೊಡಿ ಸ್ವಾಮಿ."

ಅಂಗೈ ಬಂತು. ಒಣಗಿ ಗೆರೆಗೆರೆಯಾದ, ನಡುವೆ ತಗ್ಗು ಮಾಡಿಕೊಂಡ ಅಂಗೈ.

"ಇದು ತೀರ್ಥ ಅಲ್ಲ ದ್ಯಾವಮ್ಮ."

"ಅಲ್ವಾ?"

"ಅಲ್ಲ. ಯಾವತ್ತೂ ಆಗಿರಲಿಲ್ಲ. ಬಾವಿ ನೀರು. ಕುಡೀಬಾರದು. ಕುಡಿದ್ರೆ ಕಾಯಿಲೆ ಬರತ್ತೆ."

"ನೀವೇ ಕೊಟ್ಟಿದ್ದಲ್ವಾ ಅವತ್ತು" ಎಂದಳು ಮುದುಕಿ. ವಾದಕ್ಕಲ್ಲ, ನೆನಪು ಸರಿಯಾಗಿದೆಯೇ ಎಂದು ನೋಡಿಕೊಳ್ಳುವಂತೆ. ಅಂಗೈ ಹಾಗೇ ಇತ್ತು.

"ನಾನೇ ಕೊಟ್ಟಿದ್ದು."

ಅಷ್ಟು ಹೇಳಿ ಅವನು ಎದ್ದು ನಿಂತು ಅವಳ ಕೈಯನ್ನು ಹಿಡಿದುಕೊಂಡ, ಬೆರಳುಗಳನ್ನು ಮಡಚಿ ಮೆಲ್ಲಗೆ ಮುಚ್ಚಿದ. ಯಾವ ಕೈಯಿಂದ ಎಂದು ಈ ಸಲ ನೋಡಿಕೊಳ್ಳಲಿಲ್ಲ. ದ್ಯಾವಮ್ಮ ಅವನ ಮುಖವನ್ನೂ ತನ್ನ ಮುಷ್ಟಿಯನ್ನೂ ನೋಡಿದಳು. ಹಸುವೊಂದು ಮುಂದೆ ಹೋಗಿತ್ತು, ಅದನ್ನು ಕೂಗಿದಳು. ಆಮೇಲೆ ಮುಷ್ಟಿ ಬಿಡಿಸಿ, ಏನೂ ಇಲ್ಲದ ಅಂಗೈಯನ್ನು ತುಟಿಗೆ ತಂದು, ಕಣ್ಣಿಗೊತ್ತಿಕೊಂಡು, ತಲೆಗೆ ಸವರಿಕೊಂಡು, ಚಪ್ಪಲಿ ಮೆಟ್ಟಿ ಹಸುವಿನ ಹಿಂದೆ ಹೊರಟುಹೋದಳು.